ಉಡಿ ತುಂಬ ಹಸಿರು

ವಾಗದರಿ ಊರಲ್ಲಿ ಯಾರ ದನಕ್ಕೆ ಏನಾದರೂ ಮೊದಲ ಕರೆ ಸುಮಿತ್ರಾಬಾಯಿಗೆ. ಯಾವ ಆಕಳಿಗೆ ಯಾವ ಹೋರಿ, ಗಬ್ಬದ ಆಕಳಿಗೆ ಎಷ್ಟು ಹಿಂಡಿ, ಎಲ್ಲ ಅವಳ ಬಾಯಲ್ಲೇ. ಆ ಬಾಯಿಗೆ ಬಿಡುವೂ ಇರಲಿಲ್ಲ ಅನ್ನಿ. "ಕೊಯ್ದ ಜೋಳದ ಬುಡಕ್ಕ ಚಿಗುರು ಒಡದೈತಿ, ಅದು ವಿಷ. ದನಕ್ಕ ಒಂದು ಎಲಿ ಸುದ್ದಾ ಹಾಕಬ್ಯಾಡ" ಎಂದು ಸೊಸೆ ರೂಪಾಲಿಯ ಕಿವಿ ವಾರವಿಡೀ ಕೊರೆದಿದ್ದಳು.

ಅಂಥವಳೇ ಇವತ್ತು ಬೆಳಿಗ್ಗೆ ಎಡವಿದಳು. ತುಂಬು ಗಬ್ಬದ ಆಕಳು ಚಂದ್ರಿ ಜೋಳದ ದಂಟಿನ ಒಣ ಕಣಕಿ ಮೂಸಿ ಮುಖ ತಿರುಗಿಸಿತು. ಸುಮಿತ್ರಾಬಾಯಿಯ ಕರುಳು ಚುರ್ ಎಂದಿತು. ಎರಡು ಹಿಡಿ ತಿಂದರೆ ಏನಾದೀತು ಎಂದು ಹೊಲಕ್ಕೆ ಹೋದವಳು ಉಡಿ ತುಂಬ ಚಿಗುರು ತಂದು ಚಂದ್ರಿಯ ಮುಂದೆ ಸುರಿದಳು. ಪಕ್ಕದಲ್ಲಿ ಕಟ್ಟಿದ್ದ ಖಿಲಾರಿ ತಳಿಯ ಹೋರಿ ಕತ್ತು ಚಾಚಿತು, ಅದಕ್ಕೂ ಹಾಕಿದಳು.

ಅರ್ಧ ಗಂಟೆಯೊಳಗೆ ಚಂದ್ರಿ ನೆಲಕ್ಕೆ ಬಿತ್ತು. ಬಾಯಲ್ಲಿ ನೊರೆ, ಉಸಿರು ಸಿಕ್ಕಿಕೊಳ್ಳುತ್ತಿತ್ತು. ಮಗ ಧರ್ಮರಾಜ ಫೋನ್ ಮಾಡಿದ. ಪುಣ್ಯಕ್ಕೆ ಊರಲ್ಲೇ ಇದ್ದ ದನದ ಡಾಕ್ಟರು ಯೋಗಿರಾಜ ಬೈಕ್ ಮೇಲೆ ಬಂದರು.

"ಏನ ತಿಂದೈತ್ರಿ? ಜೋಳದ ಚಿಗುರು ಏನಾರ? ಖರೇ ಹೇಳ್ರಿ, ಅದರ ಮ್ಯಾಲ ಔಷಧ."

ಸುಮಿತ್ರಾಬಾಯಿ ಬಗ್ಗಿ ಚಂದ್ರಿಯ ಬಾಯಿಯ ನೊರೆ ಒರೆಸತೊಡಗಿದಳು. ಊರಿಗೆಲ್ಲ ಬುದ್ಧಿ ಹೇಳುವವಳು! ನಾಳೆ ಯಾರ ಮುಂದೆ ತಲೆ ಎತ್ತುವುದು?

ಧರ್ಮರಾಜ ಹೆಂಡತಿಯತ್ತ ತಿರುಗಿದ. "ನೀ ಹಾಕಿದಿ ಏನ? ಅವ್ವ ಬಡಕೊಂಡು ಹೇಳಿದ್ಲಲ್ಲ!"

"ನಾ ಮುಟ್ಟಿಲ್ರಿ" ಎಂದಳು ರೂಪಾಲಿ. ಅತ್ತೆ ಮುಖ ತಿರುಗಿಸಿದಳು.

"ಹಂಗಾದ್ರ ಹೊಟ್ಟಿ ಉಬ್ಬರ ಇರಬೇಕು. ಎಣ್ಣಿ ತರ್ರಿ" ಎಂದರು ಡಾಕ್ಟರು. ಧರ್ಮರಾಜ ಹೆಂಡತಿಯನ್ನು ಬೈಯುತ್ತಲೇ ಒಳಗೆ ಓಡಿದ. ಈಗ ಹೇಳಬೇಕು, ಈಗ, ಎಂದು ಸುಮಿತ್ರಾಬಾಯಿ ತುಟಿ ಕಚ್ಚಿದಳು. ಅಷ್ಟರಲ್ಲಿ ನಿಂತಿದ್ದ ಹೋರಿ ಥರಥರ ನಡುಗಿ ದೊಪ್ಪೆಂದು ಬಿತ್ತು.

"ಚಿಗುರು ತಿಂದಾವ್ರಿ! ನಾನ ಹಾಕೀನಿ, ನಾನ!" ಎಂದು ಚೀರಿದಳು.

ಡಾಕ್ಟರು ಚೀಲಕ್ಕೆ ಕೈ ಹಾಕಿ ಚಂದ್ರಿಯ ಕತ್ತಿನ ನರಕ್ಕೆ ಸೂಜಿ ಚುಚ್ಚಿದರು. ಹೋರಿಯತ್ತ ತಿರುಗುವ ಹೊತ್ತಿಗೆ ಅದರ ಉಸಿರು ನಿಂತಿತ್ತು. ಬಹಳ ಹೊತ್ತಿನ ಮೇಲೆ ಚಂದ್ರಿ ತಲೆ ಎತ್ತಿತು. ಹೊಟ್ಟೆಯ ಕರು ಉಳಿದಿದೆಯೋ ಇಲ್ಲವೋ, ಈಗಲೇ ಹೇಳಲಾಗದು ಎಂದರು.

"ಕೇಳಿದಾಗನ ಹೇಳಿದ್ರ ಹೋರಿನೂ ಉಳೀತಿತ್ತು, ಮಾವಶಿ" ಎಂದು ಡಾಕ್ಟರು ಚೀಲ ಎತ್ತಿಕೊಂಡರು.

ಬೈಕಿನ ಸದ್ದು ದೂರವಾಯಿತು. ಧರ್ಮರಾಜ ಹೋರಿಯ ಪಕ್ಕ ಕುಸಿದು ಕೂತಿದ್ದ. ರೂಪಾಲಿ ಚಂದ್ರಿಯ ಕತ್ತು ತೊಡೆಯ ಮೇಲಿಟ್ಟುಕೊಂಡು ಸವರುತ್ತಿದ್ದಳು. ಅವಳು ಒಂದು ಮಾತು ಬೈದರೆ ಸಾಕೆಂದು ಸುಮಿತ್ರಾಬಾಯಿ ಕಾದಳು. ಬೈಯಲಿಲ್ಲ.

"ನಾ ಹಾಕಿಲ್ಲಂತ ನಿಮಗ ಗೊತ್ತಿತ್ತಲ್ರಿ, ಅತ್ತಿ" ಎಂದಳು ರೂಪಾಲಿ.