ಚಂದ್ರಿಯ ಎಡಗೋಡು

ನಾನು ಒಂದು ಬಾಚಣಿಗೆ. ತಲೆ ಬಾಚುವುದಲ್ಲ, ತುರುಬಿಗೆ ಸಿಕ್ಕಿಸುವುದು. ಎಮ್ಮೆಯ ಕೋಡು ಕೊರೆದು, ಬೆಳ್ಳಿ ಕೂಡಿಸಿ ನನ್ನನ್ನು ಮಾಡಿದರು. ಆದರೆ ನಾನು ಹುಟ್ಟಿದ್ದು ಯಾವ ಪತ್ತಾರರ ಅಂಗಡಿಯಲ್ಲೂ ಅಲ್ಲ. ಧಾರವಾಡದ ಗವಳಿಗರ ಓಣಿಯಲ್ಲಿ, ಚಂದ್ರಿ ಎಂಬ ಎಮ್ಮೆಯ ತಲೆಯ ಎಡಬದಿಯಲ್ಲಿ.

ಅವಳ ಒಂದೊಂದು ಸೂಲಿಗೆ ನನ್ನ ಬುಡದಲ್ಲಿ ಒಂದೊಂದು ಉಂಗುರ ಮೂಡಿತು. ಒಟ್ಟು ನಾಲ್ಕು. ನಾನು ಮತ್ತು ಬಲಗೋಡು ಹಿಂದಕ್ಕೆ ಬಾಗಿ ಅರ್ಧಚಂದ್ರನ ಹಾಗೆ ಇದ್ದುದರಿಂದ ಒಡತಿ ರುಕ್ಮವ್ವ ಚಂದ್ರಿ ಎಂದು ಹೆಸರಿಟ್ಟಿದ್ದಳು. ಸಂಜೆ ಎಮ್ಮೆಗಳು ಮೇದು ಬಂದಾಗ ಅವಳು ಹಟ್ಟಿಯ ಬಾಗಿಲಲ್ಲಿ ನಿಂತು ಒಂದೊಂದನ್ನೇ ಹೆಸರು ಹಿಡಿದು ಕರೆಯುತ್ತಿದ್ದಳು. ತನ್ನ ಹೆಸರು ಕೇಳುವ ತನಕ ಯಾವ ಎಮ್ಮೆಯೂ ಹೊಸ್ತಿಲು ದಾಟುತ್ತಿರಲಿಲ್ಲ.

ಒಮ್ಮೆ ಬಾವಿಯ ಕಟ್ಟೆಗೆ ಬಡಿದು ನನ್ನ ಬುಡದಲ್ಲಿ ಗಾಳದ ಆಕಾರದ ಸೀಳು ಬಿತ್ತು. ರುಕ್ಮವ್ವ ತಿಂಗಳುಗಟ್ಟಲೆ ಅದಕ್ಕೆ ಅರಿಷಿಣ, ಎಣ್ಣೆ ಮೆತ್ತಿದಳು. ಸೀಳು ಕೂಡಲಿಲ್ಲ, ಬೆಳೆಯಲೂ ಇಲ್ಲ.

ಆಮೇಲೆ ಚಂದ್ರಿ ಎರಡು ವರ್ಷ ಗಬ್ಬ ಕಟ್ಟಲಿಲ್ಲ. ರುಕ್ಮವ್ವ ತವರಿಗೆ ಹೋದ ವಾರ ಅವಳ ಗಂಡ ತುಕಾರಾಮ ನಮ್ಮನ್ನು ಸಂತೆಗೆ ಹೊಡೆದುಕೊಂಡು ಹೋದ. ಹೆಂಡತಿ ಬಂದು ಕೇಳಿದ್ದಕ್ಕೆ, "ಕಲಘಟಗಿ ಕಡೆ ಒಬ್ಬ ಗೌಡ್ರ ಮನೀಗೆ ಕೊಟ್ಟೆ. ಕೆರಿ ಐತಿ, ಹಸರ ಮೇವು ಐತಿ. ನನಗೂ ನಿನಗೂ ಅಂಥಾ ಸುಖ ಇಲ್ಲ" ಎಂದನಂತೆ. ಇದು ನನಗೆ ತಿಳಿದದ್ದು ಬಹಳ ತಡವಾಗಿ. ನಾವು ಹತ್ತಿದ ಲಾರಿ ಕಲಘಟಗಿಯ ಕಡೆ ಹೊರಳಲೇ ಇಲ್ಲ. ಮರುದಿನ ಮಧ್ಯಾಹ್ನದ ಹೊತ್ತಿಗೆ ಚಂದ್ರಿ ಇರಲಿಲ್ಲ. ನಾವಿಬ್ಬರೂ ಇದ್ದೆವು, ಒಂದು ಗೋಣಿಚೀಲದಲ್ಲಿ.

ಚೀಲವನ್ನು ಕೊಂಡವನು ಕೋಡು ಕೊರೆಯುವ ಮೌಲಾಸಾಬ. ಬಲಗೋಡನ್ನು ಕೊಯ್ದು ಅಂಗಿಯ ಗುಂಡಿ ಮಾಡಿದ. ಅದು ಈಗ ಎಷ್ಟು ಜನರ ಎದೆಯ ಮೇಲೆ ಹಂಚಿಹೋಗಿದೆಯೋ ಗೊತ್ತಿಲ್ಲ. ನನ್ನನ್ನು ಸೀಳಿ, ಕುದಿಸಿ, ಕೆಂಡದ ಮೇಲೆ ಕಾಸಿ, ಎರಡು ಕಬ್ಬಿಣದ ಹಲಗೆಗಳ ನಡುವೆ ಒತ್ತಿದ. ಕೂದಲು ಸುಟ್ಟ ವಾಸನೆ ಎದ್ದಿತು. ಸ್ನಾನ ಮಾಡುವ ತನಕ ಹೆಂಡತಿ ಅವನನ್ನು ಮನೆಯೊಳಗೆ ಬಿಡುತ್ತಿರಲಿಲ್ಲ.

ಬೆಳ್ಳಿಯ ಕೆಲಸ ಕಮಲಾಕ್ಷಿ ಪತ್ತಾರಳದು. ಹಳೆಯ ಗುಡಿಗಳ ಕಲ್ಲಿನ ಹೆಂಗಸರು ತೊಟ್ಟ ಒಡವೆ ನೋಡಿ ಚಿತ್ರ ಬರೆದುಕೊಂಡು, ಮೌಲಾಸಾಬನ ಜೊತೆ ಸೇರಿ ಅಂಥವನ್ನೇ ಮಾಡಿ ಮಾರುತ್ತಿದ್ದಳು. ಇಬ್ಬರೂ ನನ್ನನ್ನು ಅವಳ ಮನೆಗೆ ತಂದ ದಿನ ಅವಳ ಅತ್ತೆ ಬಾಗಿಲಲ್ಲೇ ತಡೆದಳು.

"ಸತ್ತ ದನದ ಎಲುಬು ಒಳಗ ತರಬ್ಯಾಡ."

"ಎಲುಬಲ್ಲ ಅತ್ತಿ, ಕೋಡು."

"ದೇವರಿಗೆ ಅದೆಲ್ಲಾ ತಿಳಿಯಂಗಿಲ್ಲ. ಹಿತ್ತಲದಾಗ ಕುಂಡ್ರು."

ಹಿತ್ತಲಲ್ಲಿ ಮೌಲಾಸಾಬ ನನ್ನನ್ನು ತಿರುವಿ ನೋಡಿದ. "ಈ ಸೀಳು ಕೊಯ್ದು ಒಗೀತೀನಿ ತಂಗಿ. ಹರಕ ಮಾಲು ಅಂತಾರ."

"ಬ್ಯಾಡ ಕಾಕಾ. ಅದರಾಗ ಬೆಳ್ಳಿ ತಂತಿ ಕೂಡಸ್ತೀನಿ. ಚಂದ ಕಾಣತೈತಿ."

"ಗಾಯಕ್ಕ ಬೆಳ್ಳಿ ಹಾಕೂದು ನಿನ್ನ ಕಡೆ ಕಲೀಬೇಕು ನೋಡು."

ಅವನು ಹಲ್ಲು ಕೊಯ್ದು, ಮೇಲೆ ಎರಡು ನವಿಲು ಕೊರೆದ. ಅವಳು ಅಂಚಿಗೆ ಬೆಳ್ಳಿಪಟ್ಟಿ ಕಟ್ಟಿ, ಏಳು ಮೊಳೆ ಹೊಡೆದು, ಸೀಳಿನುದ್ದಕ್ಕೂ ತಂತಿ ಒತ್ತಿದಳು. ಪಟ್ಟಿಯ ಕೆಳಗೆ ಎರಡು ಉಂಗುರ ಉಜ್ಜದೆ ಉಳಿದವು. ಮಾರುವಾಗ ಮೌಲಾಸಾಬ ಎಲ್ಲರಿಗೂ ಹೇಳುವ ಮಾತೊಂದಿತ್ತು: "ಬಿಸಿನೀರು, ಹಬಿ ತಗಲಸಬ್ಯಾಡ್ರಿ. ಕೋಡು ತನ್ನ ಬಾಗು ಮರೆಯೂದಿಲ್ಲ."

ಕರಕುಶಲ ಮೇಳದಲ್ಲಿ ನನ್ನನ್ನು ಕೊಂಡವರು ಅನಸೂಯಾ ಎಂಬ ಶಾಲೆಯ ಟೀಚರು. ಅವರ ಮನೆಗೆ ಹಾಲು ಬರುತ್ತಿದ್ದುದು ರುಕ್ಮವ್ವನ ಹಟ್ಟಿಯಿಂದ. ದೀಪಾವಳಿಯಲ್ಲಿ ಸಿಂಗರಿಸಿದ ಎಮ್ಮೆಗಳನ್ನು ನೋಡಲೆಂದು ಅವರು ನನ್ನನ್ನು ಮುಡಿದುಕೊಂಡು ಅಲ್ಲಿಗೆ ಹೋದರು.

ಹಟ್ಟಿಯಲ್ಲಿ ಎಮ್ಮೆಗಳು ಮೆಲುಕು ನಿಲ್ಲಿಸಿದವು. ಗೆಜ್ಜಿ ಎಂಬ ಎಮ್ಮೆ, ಚಂದ್ರಿಯ ಕೊನೆಯ ಮಗಳು, ಹಗ್ಗ ಜಗ್ಗಿ ಮುಂದೆ ಬಂದು ಟೀಚರ ತುರುಬಿಗೆ ಮೂಗು ಹಚ್ಚಿ ಒದರಿತು. ಟೀಚರು ಹೆದರಿ ಹಿಂದೆ ಸರಿದರು.

ರುಕ್ಮವ್ವ ಓಡಿ ಬಂದಳು. "ಅಕ್ಕೋರ, ತುರಬಿನ್ಯಾಗ ಏನೈತ್ರಿ? ಸ್ವಲ್ಪ ತೋರಸ್ರಿ."

ಅವಳ ಹೆಬ್ಬೆರಳು ಬೆಳ್ಳಿಯ ಗೆರೆಯ ಮೇಲೆ ಹರಿಯಿತು. ಪಟ್ಟಿಯ ಕೆಳಗಿನ ಉಂಗುರ ಮುಟ್ಟಿ ನಿಂತಿತು. ಸಗಣಿ ಬಳಿದ ನೆಲದ ಮೇಲೆ ಹಾಗೇ ಕುಳಿತಳು.

"ಇದು ನಮ್ಮ ಚಂದ್ರೀದ್ರಿ."

"ಇಂಥಾವು ಸಾವಿರ ಇರತಾವ ರುಕ್ಮವ್ವಾ."

"ಈ ಸೀಳಿಗೆ ಅರಿಷಿಣ ಮೆತ್ತಿದ ಕೈರಿ ಇದು."

ಟೀಚರಿಗೆ ನನ್ನನ್ನು ಮತ್ತೆ ತಲೆಗೆ ಸಿಕ್ಕಿಸಿಕೊಳ್ಳುವ ಮನಸ್ಸಾಗಲಿಲ್ಲ. ನೀವೇ ಇಟ್ಟುಕೊಳ್ಳಿ ಎಂದು ಹೊರಟುಹೋದರು. ಅಷ್ಟರಲ್ಲಿ ತುಕಾರಾಮ ಚೆಂಡು ಹೂವಿನ ಮಾಲೆ ಹಿಡಿದು ಬಂದ. ರುಕ್ಮವ್ವ ನನ್ನನ್ನು ಸೆರಗಿನೊಳಗೆ ಎಳೆದುಕೊಂಡಳು.

"ಏನ್ರೀ, ಚಂದ್ರಿ ಹೆಂಗದಾಳಂತ?"

"ಚಲೋ ಅದಾಳ. ಮನ್ನೆ ಈದಾಳಂತ."

ನನ್ನ ಹಲ್ಲುಗಳು ಅವಳ ಅಂಗೈಗೆ ನಟ್ಟವು.

"ಏನ್ ಕರ?"

"ಹೆಣ್ಣು."

"ಹಂಗಾರ ಚುಕ್ಕಿ ಅಂತ ಹೆಸರಿಡ್ರಿ ಅಂತ ಹೇಳ್ರಿ ಆ ಗೌಡ್ರಿಗೆ."

ಅವಳು ಜಗಳ ಮಾಡಲಿಲ್ಲ. ಹಟ್ಟಿಯ ಮೂಲೆಯಲ್ಲಿ ಎಮ್ಮೆಗಳಿಗೆ ಹತ್ತಿಕಾಳು ಕುದಿಸುವ ಒಲೆಯ ಮೇಲಿನ ಗೂಟಕ್ಕೆ ನನ್ನನ್ನು ನೇತುಹಾಕಿದಳು. ಅಕ್ಕೋರು ಕೊಟ್ಟ ಬಾಚಣಿಗೆ ಎಂದು ಗಂಡನಿಗೆ ಹೇಳಿದಳು. ಹಾಲು ಹಿಂಡುವಾಗ ದಿನಾ ಒಂದೇ ಪ್ರಶ್ನೆ. ಚಂದ್ರಿ ಹೆಂಗದಾಳ? ಚುಕ್ಕಿ ಹೆಂಗದಾಳ? ತುಕಾರಾಮ ಹೇಳುತ್ತಾ ಹೋದ. ಚುಕ್ಕಿ ಮೇವು ಮುಟ್ಟಿತು. ಚುಕ್ಕಿಗೆ ಕೋಡು ಒಡೆದವು. ಚುಕ್ಕಿ ಗಬ್ಬಾಗಿದೆ. ಹೇಳುವಾಗ ಅವನ ಮುಖ ಗೆಲುವಾಗುತ್ತಿತ್ತು. ಅವನಿಗೂ ಆ ಕರುವಿನ ಮೇಲೆ ಮಮತೆ ಬಂದಿತ್ತೆಂದು ಕಾಣುತ್ತದೆ.

ನನಗೆ ಮೂರು ವರ್ಷ ಹಬೆ ಬಡಿಯಿತು. ಮೌಲಾಸಾಬ ಹೇಳಿದಂತೆಯೇ ಆಯಿತು. ನಾನು ಬಾಗತೊಡಗಿದೆ. ಮೊಳೆಗಳು ಒಂದೊಂದಾಗಿ ಹಾರಿ ಬೂದಿಗೆ ಬಿದ್ದವು. ಕೊನೆಗೆ ಸೀಳಿನ ತಂತಿಯೂ ಬಿಟ್ಟಿತು.

ಒಂದು ಮುಂಜಾನೆ ತುಕಾರಾಮ ಹಾಲಿನ ಕೊಡ ಎತ್ತಿಕೊಂಡವನು ಮೇಲೆ ನೋಡಿದ. ಕೋಡಿನಂತೆ ಬಾಗಿದ್ದ ನನ್ನನ್ನು, ತಂತಿ ಬಿಟ್ಟ ಗಾಳದ ಸೀಳನ್ನು ನೋಡುತ್ತಲೇ ನಿಂತ.

"ಚಂದ್ರಿ ಹೆಂಗದಾಳ?" ಎಂದಳು ರುಕ್ಮವ್ವ. ಕೆಚ್ಚಲಿನಿಂದ ಕೈ ತೆಗೆಯಲಿಲ್ಲ.

"ಸತ್ತಾಳ."

"ಯಾವಾಗ?"

"ಸಂತೀ ಮರುದಿನಾನ."

ಹಾಲಿನ ಧಾರೆ ನಿಂತಿತು. ಮತ್ತೆ ಶುರುವಾಯಿತು.

"ಮತ್ತ ಚುಕ್ಕಿ?"

ಅವನು ಕೊಡ ಕೆಳಗಿಟ್ಟು ಹೊರಗೆ ಹೋದ.

ಅಂದಿನಿಂದ ರುಕ್ಮವ್ವ ಕೇಳಿಲ್ಲ. ನಾನು ಗೂಟದಲ್ಲೇ ಇದ್ದೇನೆ. ಹಲ್ಲುಗಳಿವೆ, ಬಾಚಣಿಗೆಯಲ್ಲ. ಬಾಗಿದ್ದೇನೆ, ಕೋಡೂ ಅಲ್ಲ. ಚಂದ್ರಿ ಸತ್ತದ್ದನ್ನು ನಾನು ಕಂಡಿದ್ದೇನೆ, ಅವಳ ವಿಷಯ ನನಗೆ ಅಂಜಿಕೆಯಿಲ್ಲ. ಅಂಜಿಕೆ ಸಂಜೆಯದು. ರುಕ್ಮವ್ವ ಬಾಗಿಲಲ್ಲಿ ನಿಂತು ಎಮ್ಮೆಗಳನ್ನು ಕರೆಯುತ್ತಾಳೆ. ಗೆಜ್ಜಿ ಬರುತ್ತದೆ, ಉಳಿದವೂ ಬರುತ್ತವೆ. ಎಲ್ಲ ಒಳಗಾದ ಮೇಲೆ, ಖಾಲಿ ಓಣಿಯ ಕಡೆ ನೋಡಿ, ಇನ್ನೊಂದು ಹೆಸರು ಕರೆಯುತ್ತಾಳೆ.

"ಚುಕ್ಕೀ..."

ಹೊಸ್ತಿಲು ದಾಟಿ ಏನೂ ಬರುವುದಿಲ್ಲ. ಆದರೂ ಎಮ್ಮೆಗಳು ಒಂದಿಷ್ಟು ಸರಿದು ಜಾಗ ಬಿಡುತ್ತವೆ.