ಕಂಡಾಯದ ಕಲ್ಲು ಮತ್ತು ಒಂದು ಲೋಟ ಮಜ್ಜಿಗೆ

ಹೆಮ್ಮಿಗೆ ಕಡೆಯ ಹೊಳೆಸಾಲಿನಲ್ಲಿ ಒಂದು ಊರು. ಭಾನುವಾರ ಬಂತೆಂದರೆ ಆ ಊರಿನ ಮಂಚಮ್ಮ ಹೊಳೆಯ ಕಡೆಗೇ ಹೋಗುವುದಿಲ್ಲ. ಓಣಿಯ ತುಂಬ ಕಾರು, ವ್ಯಾನು. ನೀರಲ್ಲಿ ನಿಂತ ಹೆಂಗಸರ ಕಡೆಗೆ ಬೋಟಿನಿಂದ ಮೊಬೈಲು ತಿರುಗುತ್ತದೆ. ಮರಳಿನಲ್ಲಿ ಒಡೆದ ಬಾಟಲಿ. ಅದು ಚುಚ್ಚಿ ಅವಳ ಹಸು ಹದಿನೈದು ದಿನ ಮೂರು ಕಾಲಿನಲ್ಲಿ ನಿಂತಿತ್ತು.

ಆದರೆ ಮಂಚಮ್ಮನ ಸಂಕಟ ಇನ್ನೂ ಆಳದ್ದು. ಅವಳ ಗಂಡ ಮರಿಯಯ್ಯ ಮನೆತನದ ಕಂಡಾಯ ಹೊರುವವನು. ಮನೆದೇವರು ಸಿದ್ದಪ್ಪಾಜಿಯ ಆ ಲಾಂಛನವನ್ನು ವರ್ಷಕ್ಕೊಮ್ಮೆ ಹೆಗಲ ಮೇಲೆ ಹೊತ್ತು ಹೊಳೆಗೆ ಹೋಗಿ, ದಡದ ಒಂದು ಚಪ್ಪಟೆ ಕಲ್ಲಿನ ಮೇಲೆ ಇಳಿಸಿ, ತೊಳೆದು, ಧೂಳ್ತವೆಂಬ ಕಪ್ಪು ಬೂದಿಯಿಟ್ಟು, ಹೂ ಮುಡಿಸಿ ತರುವುದು ಅವರ ನಡೆ. ಆ ಕಲ್ಲು ಈಗ ಬೋಟು ನಿಲ್ಲುವ ಕಟ್ಟೆಯ ಕಾಂಕ್ರೀಟಿನ ಅಡಿಯಲ್ಲಿದೆ. ಈ ವರ್ಷ ಕಂಡಾಯವನ್ನು ಹಿತ್ತಿಲಲ್ಲಿ, ನಲ್ಲಿ ನೀರಿನಲ್ಲಿ ತೊಳೆದರು. ಅಂದಿನಿಂದ ಮರಿಯಯ್ಯ ಜಗುಲಿ ಇಳಿದಿಲ್ಲ. ಕರೆದರೆ ‘ಹೂಂ’ ಅನ್ನುತ್ತಾನೆ, ಅಷ್ಟೆ.

ಒಂದು ಮಧ್ಯಾಹ್ನ ಪಕ್ಕದ ಮನೆಯ ರೋಜಾ ಬಂದಳು. ಅವಳು ಸ್ತ್ರೀಶಕ್ತಿ ಸಂಘದ ಪ್ರತಿನಿಧಿ. ಜೊತೆಯಲ್ಲೊಬ್ಬಳು ಹುಡುಗಿ.

“ಅಕ್ಕ, ಇವ್ರು ಶಿವಾನಿ ಅಂತ. ಮೈಸೂರಲ್ಲಿ ಓದ್ತಾವ್ರೆ. ಟೂರಿಸ್ಟ್ ಜನ ಬರೋದ್ರಿಂದ ಊರೋರ್ಗೆ ಏನನ್ಸದೆ ಅಂತ ಕೇಳಿ ಬರ್ಕೊತಾರಂತೆ.”

ಮಂಚಮ್ಮ ಮೊದಲು ಮಜ್ಜಿಗೆ ತಂದಳು. “ಕುಡಿಯವ್ವ, ಬಿಸ್ಲಲ್ಲಿ ಬಂದಿದ್ದೀಯ. ಏನೂ ತೊಂದ್ರೆ ಇಲ್ಲ ಕಣವ್ವ. ಎಲ್ಲಾ ಚೆಂದಾಗದೆ.”

ರೋಜಾ ಹಣೆ ಚಚ್ಚಿಕೊಂಡಳು. “ಅಯ್ಯೋ ನಿನ್ನ! ಮೊನ್ನೆ ಹಸಿನ ಕಾಲು ತೋರ್ಸಿ ಗೊಳೋ ಅಂತ ಅತ್ತೆ. ಈವತ್ತು ಎಲ್ಲಾ ಚೆಂದಾಗದಾ?”

“ಮನೆಗೆ ಬಂದೋರ್ಗೆ ಮಜ್ಜಿಗೆ ಕೊಟ್ಟು, ಜೊತೆಗೆ ದೂರೂ ಬಡಿಸ್ಬೇಕೇನಮ್ಮಿ? ನಮ್ಮನೇಲಿ ಅಂಗೆ ನಡ್ಕಂಡಿಲ್ಲ.”

“ಓದ್ಸಾರಿ ಬಂದೋನೂ ಮಜ್ಜಿಗೆ ಕುಡ್ದ. ಎರಡು ಬಾಳೆಹಣ್ಣೂ ನುಂಗ್ದ. ಆಮೇಕೆ ಈ ಕಡೆ ತಲೆ ಹಾಕಿದ್ನಾ?”

ಹೋದ ವರ್ಷ ಹೀಗೇ ಒಬ್ಬ ಮೊಬೈಲು ಹಿಡಿದು ಬಂದಿದ್ದ. ಪ್ರವಾಸಿಗರು ಬರುವುದು ಒಪ್ಪಿಗೆಯೇ, ಹೌದೋ ಅಲ್ಲವೋ ಎಂದು ಕೇಳಿದ್ದ. ದಣಿದು ಬಂದ ಅತಿಥಿಯ ಮುಂದೆ ಮರಿಯಯ್ಯ ಕೈಮುಗಿದು, “ಬರ್ಲಿ ಬುಡಿ ಬುದ್ಧಿ, ನಾಕು ಜನ ಓಡಾಡಿದ್ರೆ ಊರಿಗೆ ಕಳೆ” ಅಂದಿದ್ದ. ಬೀದಿಯ ಏಳು ಮನೆಯ ಪರವಾಗಿ ಅವನೇ ಹೇಳಿದ್ದ. ಕಲ್ಲಿನ ಮಾತನ್ನು ಆ ಮನುಷ್ಯ ಕೇಳಲಿಲ್ಲ, ಇವನು ಹೇಳಲಿಲ್ಲ. ಆರು ತಿಂಗಳಲ್ಲಿ ಕಾಂಕ್ರೀಟು ಬಿತ್ತು. ಓಡಿಹೋಗಿ ಅಂಗಲಾಚಿದರೆ ಕಟ್ಟೆ ಕಟ್ಟಿಸುತ್ತಿದ್ದವರು, “ಊರಿನವರೇ ಒಪ್ಪಿದ್ದೀರಲ್ಲಪ್ಪ” ಎಂದು ಹಾಳೆ ತೋರಿಸಿದರು. ಈಗ ಹೊಳೆಯ ಮೇಲ್ಗಡೆ ಹೊಂಗೆಮರದ ಬುಡದ ಕಟ್ಟೆಯ ಸರದಿ ಅನ್ನುತ್ತಿದ್ದಾರೆ. ಹೆಂಗಸರು ಮೈ ತೊಳೆಯಲು, ದನ ನೀರಿಗಿಳಿಯಲು, ಸತ್ತವರ ಬೂದಿ ಬಿಡಲು ಉಳಿದಿರುವುದು ಅದೊಂದೇ.

ಅಷ್ಟರಲ್ಲಿ ಮಗ ಮಾದೇಶ್ ಒಳಗೆ ಬಂದ. ಅವನು ಶನಿವಾರ, ಭಾನುವಾರ ಪ್ರವಾಸಿಗರಿಗೆ ತೆಪ್ಪ ಹಾಕುತ್ತಾನೆ.

“ಅವ್ವ, ಬಾಯಿ ಬುಡ್ಬೇಡ. ನಾಳೆ ನನ್ ತೆಪ್ಪ ನಿಲ್ಸ್ಬುಟ್ರೆ?”

“ನಿಮ್ಮ ತೆಪ್ಪದ ಮಾತೂ ಬೇಕು ಅಣ್ಣ,” ಅಂದಳು ಶಿವಾನಿ. “ಅನುಕೂಲ ಆಗಿದ್ರೆ ಅದನ್ನೂ ಹೇಳಿ, ನೋವಾಗಿದ್ರೆ ಅದನ್ನೂ ಹೇಳಿ. ಒಂದು ಮನೇಲಿ ಎರಡೂ ಇರುತ್ತೆ. ಹೌದು, ಅಲ್ಲ ಅಂತ ಗುರುತು ಹಾಕ್ಕೊಂಡು ಹೋದ್ರೆ ಅದು ಸಿಗಲ್ಲ. ಅದಕ್ಕೇ ಕೂತು ಕೇಳೋದು. ನಿಮ್ಮ ಹೆಸರು ಬರೆಯಲ್ಲ. ಬೇಡ ಅನ್ನಿಸಿದ್ರೆ ನಡುವೆ ಎದ್ದು ಹೋಗಬಹುದು. ಬರೆದದ್ದನ್ನ ನಿಮಗೇ ಓದಿ ಹೇಳ್ತೀನಿ, ತಪ್ಪಿದ್ರೆ ತಿದ್ದಿ.”

ಮಂಚಮ್ಮ ಅವಳ ಮುಖವನ್ನೇ ನೋಡಿದಳು. “ನೀ ಬರ್ಕೊಂಡ್ರೆ ನಮ್ ಕಲ್ಲು ಎದ್ ಬತ್ತದಾ ಮಗಾ?”

“ಇಲ್ಲಮ್ಮ. ರೋಜಾ ಅಕ್ಕ ದಾರೀಲಿ ಎಲ್ಲಾ ಹೇಳಿದ್ರು.”

“ಹೊಂಗೆಮರದ ಕಟ್ಟೆ?”

“ಉಳಿಯುತ್ತೆ ಅಂತ ಭಾಷೆ ಕೊಡಲಾರೆ. ಊರಿನವರೇ ಒಪ್ಪಿದ್ದಾರೆ ಅನ್ನೋ ಮಾತನ್ನ ಮತ್ತೊಂದ್ಸಲ ಸುಳ್ಳಾಗಿ ಯಾರೂ ಬರೀಬಾರ್ದು. ನನ್ನ ಕೈಲಾಗೋದು ಅಷ್ಟೇ.”

ಹೊಳೆಯ ಕಡೆಯಿಂದ ಬೋಟಿನ ಸದ್ದು ಬರುತ್ತಿತ್ತು. ಶಿವಾನಿ ಒಪ್ಪಿಗೆಯ ಮಾತನ್ನೇ ಎತ್ತಲಿಲ್ಲ. “ಮೊದಲೆಲ್ಲ ಬೆಳಗ್ಗೆ ಎದ್ದು ಏನು ಮಾಡ್ತಿದ್ರಿ ಅಮ್ಮ?” ಎಂದು ಕೇಳಿದಳು.

ಮಂಚಮ್ಮ ಸೆರಗು ಬಾಯಿಗಿಟ್ಟುಕೊಂಡಳು. “ಕೋಳಿ ಕೂಗೋ ಒತ್ಗೆ ಒಳೆಗೆ ಓಗ್ತಿದ್ದೆ. ಮುಳುಗಿ ಎದ್ದು, ಒದ್ದೆ ಸೀರೇಲೇ ಕಲ್ಗೆ ಕೈಮುಗೀತಿದ್ದೆ. ಈಗ ಬಚ್ಚಲಲ್ಲಿ ಚೊಂಬು ಉಯ್ಕೊಂಡು ಯಾವ ಕಡೆ ತಿರುಗಿ ಕೈಮುಗೀಬೇಕೋ ಗೊತ್ತಾಗಕಿಲ್ಲ ಕಣವ್ವ.”

ಜಗುಲಿಯ ಕಡೆಯಿಂದ ಕೆಮ್ಮು ಕೇಳಿಸಿತು. ಮರಿಯಯ್ಯ ಕಂಬ ಹಿಡಿದು ಎದ್ದು ಹೊಸ್ತಿಲಿಗೆ ಬಂದಿದ್ದ.

“ನಂದೂ ಬರ್ಕೊ ಮಗಾ. ಏಳು ಮನೇನೂ ಒಪ್ಪಿರ್ನಿಲ್ಲ. ಯಾರ್ನೂ ಕೇಳ್ದೆ ಒಪ್ಕಂಡೋನು ನಾನು. ಬಂದೋರ್ ಮುಂದೆ ದೊಡ್ಡೋನಾಗಾಕೆ ಓಗಿ ಸಿದ್ದಪ್ಪಾಜಿ ಕಲ್ಲ ಕಳ್ದೆ.”

ಮಾದೇಶ್ ತಲೆ ತಗ್ಗಿಸಿದ. ಆ ಕಲ್ಲನ್ನು ಮುಚ್ಚಿದ ಕಟ್ಟೆಯ ಮೇಲಿಂದಲೇ ಅವನು ದಿನಕ್ಕೆ ಹತ್ತು ಸಲ ಜನ ಹತ್ತಿಸಿಕೊಳ್ಳುತ್ತಿದ್ದ. ಕೊನೆಗೆ ತಾನೇ ಚಾಪೆ ಎಳೆದುಕೊಂಡು ಶಿವಾನಿಯ ಎದುರು ಕೂತ. “ತೆಪ್ಪ ನಮ್ಗೆ ಅನ್ನ ಕೊಟ್ಟದೆ ಅಂತ್ಲೂ ಬರ್ಕೊಳಿ. ಎಣ್ಮಕ್ಳು ಮೀಯೋ ತಾವ ಬೋಟು ಓಗ್ಬಾರ್ದು ಅಂತ್ಲೂ ಬರ್ಕೊಳಿ. ಮೊಬೈಲ್ ತಿರ್ಗಿಸ್ದಾಗ ನಾನೂ ಸುಮ್ಕಿದ್ದೆ ಮೇಡಂ. ಅದ್ನೂವೆ.”

ಬರೆದದ್ದನ್ನು ಶಿವಾನಿ ಓದಿ ಹೇಳಿದಳು. ಮರಿಯಯ್ಯ ಒಂದೇ ಕಡೆ ತಿದ್ದಿಸಿದ. ಅವಳು ‘ದಡದ ಕಲ್ಲು’ ಎಂದು ಬರೆದಿದ್ದಳು. ‘ಕಂಡಾಯದ ಕಲ್ಲು’ ಎಂದು ಬರೆಸಿದ.

ಕಲ್ಲು ಮರಳಿ ಬಂದಿಲ್ಲ, ಬರುವುದೂ ಇಲ್ಲ. ಹೊಂಗೆಮರದ ಗತಿ ಏನೆಂದು ಇದನ್ನು ಬರೆಯುವ ಹೊತ್ತಿಗೂ ಯಾರಿಗೂ ತಿಳಿಯದು. ಮರಿಯಯ್ಯ ಮಾತ್ರ ಈಗ ಸಂಜೆ ಕೋಲೂರಿಕೊಂಡು ಆ ಮರದ ಬುಡಕ್ಕೆ ಹೋಗಿ ಕೂರುತ್ತಾನೆ, ಮರ ಇರುವಷ್ಟು ದಿನವಾದರೂ ಅದರ ಜೊತೆಗಿರೋಣ ಎಂದು.

ಹೊಳೆಸಾಲಿನ ತಾಯಂದಿರೇ, ಅಣ್ಣಂದಿರೇ, ನಿಮ್ಮ ಊರಿಗೂ ನಾಳೆ ಯಾರಾದರೂ ಕೇಳಿಕೊಂಡು ಬಂದಾರು. ಮಜ್ಜಿಗೆ ಕೊಡಿ. ಯಾರ ಕಡೆಯವರು, ಬರೆದದ್ದು ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. ಇಡೀ ಬೀದಿಯ ಪರವಾಗಿ ಒಬ್ಬರೇ ಉತ್ತರ ಕೊಡಬೇಡಿ, ಹೆಂಗಸರನ್ನೂ ಕೂರಿಸಿ. ಬರೆದದ್ದನ್ನು ಓದಿಸಿ ಕೇಳಿ. ಒಳ್ಳೆಯದಾಗಿದ್ದರೆ ಒಳ್ಳೆಯದೆನ್ನಿ, ನೋವಿದ್ದರೆ ನೋವೆನ್ನಿ. ನೀವು ಕೈಮುಗಿಯುವ ಕಲ್ಲು, ಮರ, ನೀರು ಯಾವುದೆಂದು ಹೆಸರು ಹಿಡಿದು ಹೇಳಿ. ಅದು ಇನ್ನೂ ಇರುವಾಗಲೇ ಹೇಳಿ.