ಬಾಯಿ ಬಿಡದ ಡಾಕ್ಟರು

ಮಗಳ ಮದುವೆಯ ಮಾತುಕತೆಗೆಂದು ಹುಡುಗನ ಮನೆಗೆ ಹೋದ ದಿನ, ಗೇಟಿನ ಹತ್ತಿರ ಡಾಕ್ಟರ ಕಾಲರು ಸರಿಮಾಡುತ್ತ ಹೆಂಡತಿ ಮೆಲ್ಲಗೆ ಹೇಳಿದಳು:

“ರೀ, ಏನು ಕೆಲಸ ಅಂತ ಕೇಳಿದ್ರೆ ಸರ್ಜನ್ ಅಂದುಬಿಡಿ.”

“ಸುಳ್ಳಾಗಲ್ವಾ?”

“ಎಲ್ಲಿ ಸುಳ್ಳು? ಕುಯ್ಯೋದು ಕುಯ್ಯೋದೇ. ಬದುಕಿರೋರನ್ನೋ ಸತ್ತಿರೋರನ್ನೋ ಅಂತ ಅವರೇನು ಬಿಡಿಸಿ ಕೇಳಲ್ಲ.”

ಡಾಕ್ಟರಿಗೂ ನಗು ಬಂತು. ಸರ್ಕಾರಿ ಆಸ್ಪತ್ರೆಯ ಹಿಂದಿನ ಶವಾಗಾರದಲ್ಲಿ ಅವರ ಅರ್ಧ ಆಯುಷ್ಯ ಕಳೆದಿತ್ತು. ಅಪಘಾತ, ವಿಷ, ನೇಣು, ಯಾವುದೇ ಬರಲಿ, ಈ ಜೀವ ಹೇಗೆ ಹೋಯಿತು ಎಂದು ಪೊಲೀಸರಿಗೆ, ಕೋರ್ಟಿಗೆ ಹೇಳುವುದು ಅವರ ಕೆಲಸ. ಅಲ್ಲಿರುವಷ್ಟು ಹೊತ್ತು ಅದರ ಬಗ್ಗೆ ಅವರಿಗೆ ನಾಚಿಕೆ ಇರಲಿಲ್ಲ. ಹೊರಗೆ ಕಾಲಿಟ್ಟರೆ ಇತ್ತು. ಮಗಳು ಚಿಕ್ಕವಳಿದ್ದಾಗ ಅವಳ ಹುಟ್ಟುಹಬ್ಬಕ್ಕೆ ಅವರೇ ಕೇಕು ಕತ್ತರಿಸಿ ಹಂಚಲು ಹೋಗಿದ್ದರು. ಪಕ್ಕದ ಮನೆಯ ಹುಡುಗಿ ತಟ್ಟೆ ದೂರ ತಳ್ಳಿ, “ಅಮ್ಮ ತಿನ್ನಬೇಡ ಅಂದಿದಾರೆ, ಅಂಕಲ್ ಕೈಯದು” ಎಂದಿದ್ದಳು. ಆಮೇಲೆ ಯಾರ ಮನೆಯಲ್ಲೂ ಅವರು ಬಡಿಸಲು ಮುಂದಾಗಲಿಲ್ಲ.

ಹುಡುಗನ ತಂದೆಗೆ ಹಾರ್ಡ್‌ವೇರ್ ಅಂಗಡಿ. ಮಿತವಾದ ಮಾತಿನ ಮನುಷ್ಯ. ಮಾತಿನ ಪಾಲನ್ನೆಲ್ಲ ಅವರ ತಮ್ಮನೇ ಹೊಡೆದುಕೊಂಡಿದ್ದ. ಅಂಗಡಿಗಳಿಗೆ ಬೋರ್ಡು ಕಟ್ಟುವುದು ಅವನ ಕಸುಬು. ಮನೆಯವರಿಗೆಲ್ಲ ಅವನು ‘ಪಟಾಕಿ’. ಡಾಕ್ಟರು ಸರ್ಜನ್ ಎಂದು ಕೇಳಿದ್ದೇ ತನ್ನ ಹೊಟ್ಟೆ ತಟ್ಟಿಕೊಂಡ.

“ಹಾಗಾದ್ರೆ ಇದನ್ನ ಸ್ವಲ್ಪ ಕತ್ತರಿಸಿಕೊಡಿ ಡಾಕ್ಟ್ರೇ. ಸಂಬಂಧಿಕರಿಗೆ ಫೀಸು ಇಲ್ಲ ತಾನೆ?”

“ಮೊದಲು ಬಾಯಿಗೆ ಹೊಲಿಗೆ ಹಾಕಿಸ್ಕೊಳ್ಳಿ, ಹೊಟ್ಟೆ ತಾನೇ ಇಳಿಯುತ್ತೆ” ಎಂದಳು ಅವನ ಹೆಂಡತಿ. ಮನೆಯೆಲ್ಲ ನಕ್ಕಿತು. ಸಂಬಂಧ ಕುದುರಿತು.

ಕೆಲವು ವಾರಗಳ ಮೇಲೆ ಒಂದು ಬೆಳಗ್ಗೆ ಶವಾಗಾರದ ಸಹಾಯಕ, “ಸರ್, ಬೋರ್ಡು ಕಟ್ಟೋವಾಗ ಮಹಡಿಯಿಂದ ಬಿದ್ದ ಕೇಸು” ಎಂದು ಬಟ್ಟೆ ಸರಿಸಿದ. ಮಲಗಿದ್ದವನು ಪಟಾಕಿ.

ಡಾಕ್ಟರು ಬಟ್ಟೆಯನ್ನು ಮತ್ತೆ ಮುಖದ ಮೇಲೆ ಎಳೆದರು. ‘ಇವರು ನನಗೆ ಬೇಕಾದವರು, ಬೇರೆಯವರು ನೋಡಲಿ’ ಎನ್ನಬಹುದಿತ್ತು. ಜೂನಿಯರ್ ಡಾಕ್ಟರು ಸಾಕ್ಷಿ ಹೇಳಲು ಕೋರ್ಟಿಗೆ ಹೋಗಿದ್ದರು, ಬರುವುದು ಸಂಜೆ. ಅಲ್ಲಿಯವರೆಗೆ ಯಾಕೆ ಕಾಯಬೇಕು ಎಂದು ಮನೆಯವರಿಗೆ ಹೊರಗೆ ಹೋಗಿ ಹೇಳಬೇಕು. ಹೇಳಲು ಮುಖ ತೋರಿಸಬೇಕು. ಅವರು ಕೈಗವಸು ಹಾಕಿಕೊಂಡರು.

ಕತ್ತಿನ ಮೇಲ್ಭಾಗದ ಎಲುಬು ಮುರಿದು, ಮೆದುಳಿನಿಂದ ಇಳಿಯುವ ನರಹುರಿ ಬುಡದಲ್ಲೇ ತುಂಡಾಗಿತ್ತು. ನೆಲ ಮುಟ್ಟಿದ ಕ್ಷಣವೇ ಎಲ್ಲ ಮುಗಿದಿತ್ತು. ಹೊಟ್ಟೆಯ ಮೇಲೆ ಕತ್ತಿ ಇಡುವಾಗ ಡಾಕ್ಟರ ಕೈ ಒಮ್ಮೆ ನಿಂತಿತು. “ಯಾಕೆ ಸರ್, ಹರಿತ ಇಲ್ವಾ?” ಎಂದ ಸಹಾಯಕ. “ಇದೆ” ಎಂದು ಮುಂದುವರಿಸಿದರು.

‘ಪೊಲೀಸರಿಗೆ ವರದಿ ಕೊಟ್ಟರೆ ಸಾಲದು, ಮನೆಯವರಿಗೆ ನಾಲ್ಕು ಮಾತು ಹೇಳಬೇಕು’ ಎಂದು ಜೂನಿಯರ್‌ಗಳಿಗೆ ಪಾಠ ಹೇಳುತ್ತಿದ್ದವರು ಅವರು. ಕೆಲಸ ಮುಗಿದ ಮೇಲೆ ಕೈ ತೊಳೆದು, ಹೊರಗಿನ ಬೆಂಚಿನ ಹತ್ತಿರ ಹೋಗಿ, ಕಾಯುತ್ತಿದ್ದವರ ಪಕ್ಕ ಕೂತು ತಿಳಿಯುವ ಮಾತಿನಲ್ಲಿ ಹೇಳುತ್ತಿದ್ದರು. ಅಂದು ಮಾಸ್ಕು, ಟೋಪಿ, ಕನ್ನಡಕ ಯಾವುದನ್ನೂ ಬಿಚ್ಚದೆ ಹೊರಬಂದರು. ಅವರ ಕೋಣೆಗೆ ಇದ್ದದ್ದು ಅದೊಂದೇ ದಾರಿ.

ಬೀಗರು ಓಡಿಬಂದು ಅಡ್ಡ ನಿಂತರು.

“ಡಾಕ್ಟ್ರೇ, ಒಂದೇ ಮಾತು. ಅಂಗಡಿ ಪಕ್ಕದ ಸಂದೀಲಿ ಬಿದ್ದಿದ್ದ, ತುಂಬಾ ಹೊತ್ತು ಯಾರೂ ನೋಡ್ಲಿಲ್ಲವಂತೆ. ಅಷ್ಟು ಹೊತ್ತೂ ನರಳಿದ್ನಾ? ಕೂಗಿದ್ನಾ? ದಮ್ಮಯ್ಯ, ಹೇಳಿ.”

ಬೆಂಚಿನ ಮೇಲಿದ್ದ ಪಟಾಕಿಯ ಹೆಂಡತಿ ತಲೆಯೆತ್ತಿದಳು. ಉತ್ತರ ಡಾಕ್ಟರ ನಾಲಿಗೆಯ ತುದಿಯಲ್ಲಿತ್ತು. ದನಿ ಹೊರಟರೆ ಗುರುತು ಸಿಗುತ್ತದೆ. ಅವರು ಪೊಲೀಸರು ಕೂತಿದ್ದ ಕೋಣೆಯ ಕಡೆ ಕೈ ತೋರಿಸಿ, ಪಕ್ಕಕ್ಕೆ ಸರಿದು ನಡೆದುಬಿಟ್ಟರು. ಎಡಗಾಲು ಕೊಂಚ ಎಳೆದು ನಡೆಯುವುದು ಅವರ ಅಭ್ಯಾಸ. ಗೋಡೆಗೆ ಒರಗಿದ್ದ ಹುಡುಗ, ಅವರ ಭಾವೀ ಅಳಿಯ, ಆ ಕಾಲನ್ನೇ ನೋಡುತ್ತಿದ್ದ. ಆಮೇಲೆ ತಲೆ ತಗ್ಗಿಸಿದ.

ಕೋಣೆಯ ಚಿಲಕ ಹಾಕಿಕೊಂಡು ಡಾಕ್ಟರು ನಲ್ಲಿ ತಿರುಗಿಸಿದರು. ಈಗಲಾದರೂ ಹೋಗಿ ಹೇಳೋಣ ಎಂದುಕೊಂಡರು, ಇನ್ನೊಮ್ಮೆ ಅಂದುಕೊಂಡರು. ಹೊರಗೆ ಹೆಣ ಒಯ್ಯುವ ವ್ಯಾನು ಸ್ಟಾರ್ಟ್ ಆದ ಸದ್ದು ಕೇಳಿತು.

ಸಂಜೆ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. “ರೀ, ಪಟಾಕಿ ಹೋಗ್ಬಿಟ್ರಂತೆ!”

“ಹೌದಾ?” ಎಂದರು ಡಾಕ್ಟರು. ಆ ‘ಹೌದಾ’ ಅವರ ಕಿವಿಗೇ ಅಸಹ್ಯವಾಗಿ ಕೇಳಿಸಿತು.

“ನಿಮ್ಮಲ್ಲಿಗೇ ತಂದಿದ್ರಂತಲ್ಲ?”

“ಜೂನಿಯರ್ ಮಾಡಿರಬೇಕು. ನಾನು ನೋಡ್ಲಿಲ್ಲ.”

ಎರಡು ದಿನ ಬಿಟ್ಟು ಗಂಡ ಹೆಂಡತಿ ಮಾತಾಡಿಸಿಕೊಂಡು ಬರಲು ಹೋದರು. ಕುರ್ಚಿಗಳನ್ನು ಗೋಡೆಗೆ ಸಾಲಾಗಿ ಸರಿಸಿದ್ದರು. ಬೀಗರು ಡಾಕ್ಟರ ಕೈ ಹಿಡಿದುಕೊಂಡರು.

“ನೀವು ಜೀವ ಉಳಿಸೋರು ಬೀಗ್ರೆ, ನಿಮಗೆ ಸಂಕಟ ಅರ್ಥ ಆಗುತ್ತೆ. ಅಲ್ಲೊಬ್ಬ ಇದಾನೆ, ಹೆಣ ಕುಯ್ಯೋನು. ಕಲ್ಲು, ಕಲ್ಲು! ದಮ್ಮಯ್ಯ ಅಂದ್ರೂ ಬಾಯಿ ಬಿಡ್ಲಿಲ್ಲ. ನಾಯಿಗೆ ದಾರಿ ತೋರಿಸಿದ ಹಾಗೆ ಕೈ ತೋರಿಸಿ ಹೋದ. ಪೊಲೀಸರನ್ನ ಕೇಳಿದ್ರೆ ವರದಿ ಬರ್ಲಿ ಅಂದ್ರು.”

“ಅದು ಅಲ್ಲಿನ ಜೂನಿಯರ್ ಅಂತೆ” ಎಂದುಬಿಟ್ಟಳು ಹೆಂಡತಿ. “ಈಗಿನ ಹುಡುಗರಿಗೆ ಮನುಷ್ಯತ್ವ ಎಲ್ಲಿದೆ?”

ಬಾಗಿಲಲ್ಲಿ ನೀರಿನ ಲೋಟ ಹಿಡಿದು ನಿಂತಿದ್ದ ಹುಡುಗ, “ಅಪ್ಪಾ, ಸಾಕು ಬಿಡಿ” ಎಂದ. ಅವನ ಕಣ್ಣು ಡಾಕ್ಟರತ್ತ ಬಂದು ಥಟ್ಟನೆ ನೆಲಕ್ಕಿಳಿಯಿತು. ತನ್ನ ಮಾನ ಉಳಿಸಲು ಈ ಹುಡುಗ, ಸ್ವಂತ ಚಿಕ್ಕಪ್ಪನನ್ನು ಕಳೆದುಕೊಂಡವನು, ತಂದೆಯ ಬಾಯಿ ಮುಚ್ಚಿಸುತ್ತಿದ್ದಾನೆ. ಅದನ್ನು ಡಾಕ್ಟರಿಗೆ ತಡೆಯಲಾಗಲಿಲ್ಲ.

“ಬೀಗ್ರೆ, ಜೂನಿಯರ್ ಅಲ್ಲ. ಆ ಡಾಕ್ಟ್ರು ನಾನೇ.”

ಬೀಗರು ಹಿಡಿದಿದ್ದ ಕೈ ಬಿಟ್ಟರು.

“ನಾನು ಸರ್ಜನ್ ಅಲ್ಲ. ಹೆಣ ಕುಯ್ಯೋದೇ ನನ್ನ ಕೆಲಸ. ದನಿ ಗುರುತು ಹಿಡೀತೀರಿ ಅಂತ ಮಾತಾಡ್ಲಿಲ್ಲ. ಅಷ್ಟೇ ಕಾರಣ. ಬೇರೆ ಏನೂ ಇಲ್ಲ.”

“ನಿಮ್ಮ ಕೆಲಸ ಏನಾದ್ರೂ ಆಗಿರ್ಲಿ” ಎಂದರು ಬೀಗರು. “ಒಂದು ಮಾತು ಕೇಳಿದೆನಲ್ಲ, ಬೀಗ್ರೆ. ಎರಡು ರಾತ್ರಿಯಿಂದ ಅವನು ಕೂಗ್ತಾನೇ ಇದಾನೆ ನನ್ನ ಕಿವೀಲಿ.” ಎದ್ದು ಒಳಗೆ ಹೋದರು.

ಹೆಂಡತಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಕೂತಿದ್ದಳು. ಎದ್ದು ಹೋಗುವುದೋ ಇರುವುದೋ ತಿಳಿಯದೆ ಡಾಕ್ಟರೂ ಕೂತೇ ಇದ್ದರು. ಆಗ ಪಟಾಕಿಯ ಹೆಂಡತಿ ಬಂದು ಎದುರಿನ ಕುರ್ಚಿಯಲ್ಲಿ ಕೂತಳು.

“ಅಣ್ಣಾ, ಈಗ ಹೇಳಿ.”

“ನರಳಲಿಲ್ಲಮ್ಮ. ಕೂಗೋಕೂ ಟೈಮ್ ಇರ್ಲಿಲ್ಲ. ನೆಲಕ್ಕೆ ಬಿದ್ದದ್ದೂ ಅವರಿಗೆ ಗೊತ್ತಾಗಿಲ್ಲ. ಆಮೇಲೆ ಅಲ್ಲಿದ್ದದ್ದು ಬರೀ ದೇಹ. ಆ ಹೊತ್ತಲ್ಲಿ ಯಾರು ನೋಡಿದ್ರೂ, ಯಾರು ಓಡಿಬಂದ್ರೂ ಏನೂ ಮಾಡೋಕಾಗ್ತಿರ್ಲಿಲ್ಲ.”

“ನನ್ನ ಸಮಾಧಾನಕ್ಕೆ ಹೇಳ್ತಿದೀರಾ?”

“ಅಲ್ಲ. ಕೋರ್ಟಲ್ಲಿ ಕೇಳಿದ್ರೂ ಇದನ್ನೇ ಹೇಳ್ತೀನಿ.”

ಅವಳು ಅಳಲಿಲ್ಲ. “ಅವತ್ತೇ ಹೇಳಿದ್ರೆ ನಮ್ಮ ಭಾವ ಒಂದು ತುತ್ತು ತಿಂದಿರ್ತಿದ್ರು” ಎಂದಳು. ಬೈದಿದ್ದರೆ ಡಾಕ್ಟರಿಗೆ ಹಗುರಾಗುತ್ತಿತ್ತು.

ಹಿಂದಿರುಗುವಾಗ ಕಾರಿನಲ್ಲಿ ಹೆಂಡತಿ ಒಂದೇ ಮಾತಾಡಿದಳು: “ಸರ್ಜನ್ ಅಂತ ಹೇಳ್ಕೊಟ್ಟದ್ದು ನಾನು. ಆದ್ರೆ ಜೂನಿಯರ್ ಅಂತ ನನಗೂ ಹೇಳಿದ್ರಲ್ಲ.” ಮರುದಿನ ಡಾಕ್ಟರು ಜೂನಿಯರನ್ನು ಕರೆದು, ತನ್ನ ತಪ್ಪನ್ನು ಆತನ ತಲೆಗೆ ಕಟ್ಟಿದ್ದನ್ನು ಹೇಳಿದರು. ಆತ “ಪರವಾಗಿಲ್ಲ ಸರ್” ಎಂದು ನಕ್ಕ. ಆಮೇಲೆ ಕೆಲವು ದಿನ ಡಾಕ್ಟರ ಎದುರು ಕೂತು ಊಟ ಮಾಡಲಿಲ್ಲ.

ಮದುವೆ ತಡವಾಗಿ, ಸದ್ದಿಲ್ಲದೆ ನಡೆಯಿತು. ಬೀಗರು ಬನ್ನಿ, ಕೂತ್ಕೊಳ್ಳಿ, ಊಟ ಆಯ್ತಾ ಎನ್ನುತ್ತಾರೆ. ಅದರಾಚೆ ಮಾತು ಬೆಳೆಯುವುದಿಲ್ಲ. ಪಟಾಕಿಯ ಹೆಂಡತಿ ಮಾತ್ರ ಆಗೊಮ್ಮೆ ಈಗೊಮ್ಮೆ ಫೋನು ಮಾಡುತ್ತಾಳೆ. ಅದು ಇದು ವಿಚಾರಿಸಿ, ಕೊನೆಗೆ, “ಅಣ್ಣಾ, ಅದನ್ನ ಇನ್ನೊಂದ್ಸಲ ಹೇಳಿ” ಎನ್ನುತ್ತಾಳೆ. ಡಾಕ್ಟರು ಕೈಯಲ್ಲಿದ್ದ ಕೆಲಸ ಬಿಟ್ಟು, ಒಂದು ಶಬ್ದವನ್ನೂ ನುಂಗದೆ, ಮೊದಲಿಂದ ಹೇಳುತ್ತಾರೆ. ಹೇಳಿ ಮುಗಿಸಿದಾಗಲೆಲ್ಲ ಅವಳು ಥ್ಯಾಂಕ್ಸ್ ಅನ್ನುತ್ತಾಳೆ. ಅದೊಂದನ್ನು ಕೇಳಿಸಿಕೊಳ್ಳುವುದು ಅವರಿಗೆ ಇನ್ನೂ ಕಷ್ಟ.